ಜಿಪ್ಸಿಗೆ ಬೇರೆ ಕಾರಿನ ಸಾಮಾನು: ಯಾವುದು ಹಾಕಿಸಬಹುದು, ಯಾವುದು ಬೇಡ

ಪ್ರಶ್ನೆ: ದಾವಣಗೆರೆಯಲ್ಲಿ 1998ರ ಜಿಪ್ಸಿ ಕಿಂಗ್ ತಗೊಂಡಿದ್ದೇನೆ. ಎಸ್ಟೀಮ್ ಎಂಜಿನ್, ಆಲ್ಟೋ ಪವರ್ ಸ್ಟೀರಿಂಗ್, ದೊಡ್ಡ ಟೈರ್ ಹಾಕಿಸಬೇಕು ಅಂತ ಆಸೆ. ಆಗುತ್ತಾ?

ಆಗುತ್ತೆ. ಆದರೆ ನೀವು ಬರೆದಿರುವ ಕ್ರಮದಲ್ಲಿ ಬೇಡ.

ನಾನು ಚಿತ್ರದುರ್ಗದವನು. ನನ್ನದೂ ಕಾರ್ಬುರೇಟರ್ ಕಿಂಗ್. ಹೊಳಲ್ಕೆರೆ, ಹಿರಿಯೂರು, ಜಗಳೂರು ಕಡೆಯ ಹೊಲ ತೋಟದ ದಾರಿಯಲ್ಲೇ ಅದರ ಓಡಾಟ ಜಾಸ್ತಿ. ಯಾವುದೇ ಸಾಮಾನು ತರುವ ಮೊದಲು ನಾನು ಒಂದು ವಿಷಯ ನೋಡುತ್ತೇನೆ: ಇದನ್ನು ಕೂರಿಸಲು ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಕತ್ತರಿಸಬೇಕಾ? ಕತ್ತರಿಸಬೇಕು ಅಂದರೆ ಬೇಡ. ನಾಳೆ ಬೋಲ್ಟ್ ಬಿಚ್ಚಿ ಹಳೇದನ್ನೇ ವಾಪಸ್ ಹಾಕಲು ಆಗುವಂಥ ಕೆಲಸ ಮಾತ್ರ ಮಾಡಿಸಿ. ಜಿಪ್ಸಿ ತಯಾರಿಕೆ ನಿಂತೇ ಹೋಗಿದೆ, ಹಾಳಾದ ಚಾಸಿಗೆ ಬದಲಿ ಹುಡುಕುವುದು ಎಂಥ ಕಷ್ಟ ಅಂತ ಹುಡುಕಿದವರಿಗೇ ಗೊತ್ತು.

ಎಂಜಿನ್‌ನಿಂದ ಶುರು ಮಾಡೋಣ, ಯಾಕಂದ್ರೆ ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ. ಕಿಂಗ್‌ದೂ ಎಸ್ಟೀಮ್‌ದೂ ಒಂದೇ ಕುಟುಂಬದ 1298 ಸಿಸಿ ಎಂಜಿನ್. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಅದಕ್ಕೇ ಗುಜರಿಯವರು "ಸುಮ್ನೆ ಎತ್ತಿ ಇಟ್ಟರೆ ಆಯ್ತು" ಅನ್ನುತ್ತಾರೆ. ಹಾಗೆ ಆಗುವುದಿಲ್ಲ. ಎಸ್ಟೀಮ್‌ನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಅದರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ. ಜಿಪ್ಸಿಯಲ್ಲಿ ಉದ್ದಕ್ಕೆ ಕೂತಿದೆ. ಹಾಗಾಗಿ ಸಂಪು (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ), ಎಂಜಿನ್ ಮೌಂಟಿಂಗ್, ಗಾಳಿ-ಹೊಗೆ ಹೋಗುವ ಮ್ಯಾನಿಫೋಲ್ಡ್, ನೀರಿನ ಪೈಪುಗಳ ದಾರಿ ಎಲ್ಲ ಬೇರೆ. ಈ ಸಾಮಾನುಗಳನ್ನು ನಿಮ್ಮ ಹಳೇ ಎಂಜಿನ್‌ನಿಂದ ಬಿಚ್ಚಿ ಹೊಸದಕ್ಕೆ ಹಾಕಬೇಕು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ ಹಿಂದಿನ ತಗಡಿನ ಗೋಡೆಗೆ ತಾಗುತ್ತಾ ಅಂತ ಎಂಜಿನ್ ಇಳಿಸುವ ಮುಂಚೆಯೇ ಅಳೆದು ನೋಡಬೇಕು. ಇನ್ನು 16 ವಾಲ್ವ್‌ನ ಎಂಪಿಎಫ್‌ಐ ಎಂಜಿನ್ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವಂಥದ್ದು) ತಂದರೆ ಕೆಲಸ ಎರಡರಷ್ಟು. ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಅದರ ಪೂರ್ತಿ ವೈರಿಂಗ್, ಎಲ್ಲ ಸೆನ್ಸರ್‌ಗಳು, ಜಾಸ್ತಿ ಒತ್ತಡದ ಪೆಟ್ರೋಲ್ ಪಂಪು, ಟ್ಯಾಂಕಿಗೆ ವಾಪಸ್ ಹೋಗುವ ಲೈನು, ಎಲ್ಲವೂ ಬೇಕು. ಇವೆಲ್ಲ ಒಂದೇ ಗಾಡಿಯಿಂದ ಬರಬೇಕು, ಅದೂ ಆ ಗಾಡಿ ಸ್ಟಾರ್ಟ್ ಆಗುವುದನ್ನು ನೀವೇ ಕಣ್ಣಾರೆ ನೋಡಿದ ಮೇಲೆ. ಎಂಜಿನ್ ಒಂದು ಕಡೆ, ವೈರಿಂಗ್ ಇನ್ನೊಂದು ಕಡೆ ಅಂತ ಕೂಡಿಹಾಕಿದ ಗಾಡಿಗಳು ಗ್ಯಾರೇಜಿನ ಹಿಂದೆ ಧೂಳು ಹಿಡಿದು ನಿಂತಿರುವುದನ್ನು ನಾನು ತುಂಬಾ ನೋಡಿದ್ದೇನೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

ನನ್ನ ಮಾತು ಕೇಳುವುದಾದರೆ ಮೊದಲು ನಿಮ್ಮ ಎಂಜಿನ್‌ನ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ನಾಲ್ಕೂ ಸಿಲಿಂಡರ್ ಸುಮಾರು ಒಂದೇ ಸಮ ಇದ್ದು, ಕಡಿಮೆಯೂ ಇಲ್ಲದಿದ್ದರೆ ಕಾರ್ಬುರೇಟರ್ ಸರ್ವಿಸ್, ಟೈಮಿಂಗ್ ಬೆಲ್ಟ್, ರೇಡಿಯೇಟರ್ ಕ್ಲೀನಿಂಗ್ ಸಾಕು. ಗಾಡಿಗೆ ಜೀವ ಬರುತ್ತದೆ.

ಪವರ್ ಸ್ಟೀರಿಂಗ್ ಒಳ್ಳೇ ಯೋಚನೆ. ಆಲ್ಟೋ, ವ್ಯಾಗನ್ ಆರ್‌ನಲ್ಲಿ ಮೋಟರ್ ಸ್ಟೀರಿಂಗ್ ಕಾಲಮ್‌ನಲ್ಲೇ ಇರುತ್ತದೆ. ಆಯಿಲ್ ಪಂಪು, ಬೆಲ್ಟು ಯಾವುದೂ ಬೇಡ, ಅದಕ್ಕೇ ಜಿಪ್ಸಿಗೆ ಜನ ಅದನ್ನೇ ಹಾಕಿಸುತ್ತಾರೆ. ಕಾಲಮ್ ಜೊತೆ ಅದರ ಕಂಟ್ರೋಲ್ ಯೂನಿಟ್ಟೂ ಕನೆಕ್ಟರ್‌ಗಳೂ ಸಿಗಬೇಕು. ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಾಗಾಗಿ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಮಧ್ಯೆ ಫ್ಯೂಸ್. ಕಾಲಮ್ ಕೂರಿಸಲು ಡ್ಯಾಶ್‌ಬೋರ್ಡ್ ಕೆಳಗೆ ಒಂದು ಬ್ರಾಕೆಟ್ ಮಾಡಿಸಬೇಕಾಗುತ್ತದೆ, ಅದು ಬೋಲ್ಟ್ ಮೇಲೆ ನಿಲ್ಲಲಿ. ಆದರೆ ಆಲ್ಟೋ ಕಾಲಮ್‌ನ ತುದಿಯೂ ಜಿಪ್ಸಿ ಶಾಫ್ಟೂ ಹೊಂದುವುದಿಲ್ಲ ಅಂತ ಎರಡನ್ನೂ ಕೊಯ್ದು ತುದಿಗೆ ತುದಿ ಇಟ್ಟು ವೆಲ್ಡ್ ಮಾಡಿಕೊಡುವವರು ಇದ್ದಾರೆ. ಅದನ್ನು ಖಂಡಿತ ಮಾಡಿಸಬೇಡಿ. ಎರಡೂ ಕಡೆಯ ಹಲ್ಲಿಗೆ ಸರಿಹೊಂದುವ ಜಾಯಿಂಟ್ ಸಿಕ್ಕರೆ ಮಾತ್ರ ಮುಂದುವರಿಯಿರಿ. ಹೈವೇಯಲ್ಲಿ ಆ ವೆಲ್ಡ್ ಬಿಟ್ಟುಕೊಂಡರೆ ಸ್ಟೀರಿಂಗ್ ಕೈಯಲ್ಲಿ ಸುಮ್ನೆ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ.

ಇನ್ನೊಂದು ಮಾತು. ಸ್ಟೀರಿಂಗ್ ಬಿಗಿ ಅನ್ನಿಸಲು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್ ಒಣಗಿರುವುದು, ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇರುವುದು ಕೂಡ ಕಾರಣ. ಮೊದಲು ಅದನ್ನು ಸರಿ ಮಾಡಿಸಿ ನೋಡಿ.

ಟೈರ್ ವಿಷಯ. ಕಿಂಗ್‌ಗೆ ಬರುವುದು 205/70 ಆರ್15. ಎಲ್ಲರಿಗೂ ಆಸೆ ಇರುವ 235/75 ಹಾಕಿದರೆ ವ್ಯಾಸ ಸುಮಾರು ಶೇ. 10ರಷ್ಟು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ನೀವು ನಿಜಕ್ಕೂ 66ರಲ್ಲಿರುತ್ತೀರಿ. ಎಳೆತ ಕಡಿಮೆಯಾಗುತ್ತದೆ, ಬ್ರೇಕಿಗೆ ಭಾರ ಜಾಸ್ತಿ. ನನ್ನ ಆಯ್ಕೆ ಮಾರುತಿಯದೇ ಜಿಮ್ನಿಯ 195/80 ಆರ್15. ಎತ್ತರ ಶೇ. 4ರಷ್ಟು ಮಾತ್ರ ಜಾಸ್ತಿ. ಜಿಮ್ನಿ ಚಕ್ರದ ಐದು ಬೋಲ್ಟ್‌ಗಳ ಅಳತೆಯೂ ಜಿಪ್ಸಿಯದ್ದೇ, 5x139.7, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಅನ್ನುವುದು) ಒಂದು ಅಳೆದು ನೋಡಿಕೊಳ್ಳಿ. ದಾವಣಗೆರೆ ಸುತ್ತಿನ ಎರೆಮಣ್ಣಿನಲ್ಲಿ ಮಳೆ ಬಂದ ಮೇಲೆ ಟೈರಿನ ಅಗಲ ಕೈ ಹಿಡಿಯುವುದಿಲ್ಲ. ಹಲ್ಲುಗಳ ಮಧ್ಯೆ ಜಾಗ ಇದ್ದು ಮಣ್ಣು ಉದುರಿಹೋಗಬೇಕು, ಇಲ್ಲದಿದ್ದರೆ ಅರ್ಧ ಫರ್ಲಾಂಗಿಗೆ ಟೈರ್ ನುಣ್ಣಗಾಗುತ್ತದೆ.

ದೊಡ್ಡ ಟೈರಿಗೆ ಸರಿಯಾಗಲಿ ಅಂತ ಕ್ರೌನ್-ಪಿನಿಯನ್ (ಆ್ಯಕ್ಸಲ್ ಒಳಗಿನ ಗೇರ್ ಜೋಡಿ) ಬದಲಿಸುವುದಾದರೆ ಮುಂದೆ ಹಿಂದೆ ಎರಡಕ್ಕೂ ಒಂದೇ ಅನುಪಾತದ್ದು ಹಾಕಬೇಕು. ಮುಂದಿನ ಹಿಂದಿನ ಆ್ಯಕ್ಸಲ್ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಜಿಪ್ಸಿಯಲ್ಲಿ ಇಲ್ಲ. ಹಿಂದಿನದ್ದು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆ್ಯಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು.

ಸೀಟು, ಹೆಡ್‌ಲೈಟಿಗೆ ರಿಲೇ, ಇವೆಲ್ಲ ಸುಲಭದ ಕೆಲಸ, ಧೈರ್ಯವಾಗಿ ಮಾಡಿಸಿ. ಲೀಫ್ ಸ್ಪ್ರಿಂಗ್ ತೆಗೆದು ಜಿಮ್ನಿಯ ಕಾಯಿಲ್ ಸ್ಪ್ರಿಂಗ್ ಹಾಕಿಸುತ್ತೇನೆ ಅಂದರೆ ಚಾಸಿಗೆ ವೆಲ್ಡಿಂಗ್ ಬೇಕು, ಬೇಡ.

ಕಾನೂನು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು. ಎಂಜಿನ್ ಬದಲಿಸುವ ಮೊದಲೇ ಆರ್‌ಟಿಓ ಒಪ್ಪಿಗೆ ಪಡೆದು, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಬೇಕು. ನಿಮ್ಮ ಗಾಡಿಗೆ 15 ವರ್ಷ ಎಂದೋ ಕಳೆದಿದೆ, ಅಂದರೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಅದನ್ನು ಆರ್‌ಟಿಓದಲ್ಲಿ ನಿಲ್ಲಿಸಲೇಬೇಕು ಅಲ್ವಾ? ಎಂಜಿನ್ ನಂಬರ್ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಹಾಗಾಗಿ ಮೊದಲು ಬ್ರೇಕು, ಕಿಂಗ್‌ಪಿನ್, ಟೈರು. ಆಮೇಲೆ ಪವರ್ ಸ್ಟೀರಿಂಗ್. ಎಂಜಿನ್ ಕೊನೆಗೆ. ಕಂಪ್ರೆಷನ್ ರೀಡಿಂಗ್ ಬಂದ ಮೇಲೆ ನಾಲ್ಕೂ ಸಿಲಿಂಡರ್‌ದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.