ಓದುಗರ ಪ್ರಶ್ನೆ: ನಡೆದದ್ದು ಯಾವುದು, ಅನಿಸಿದ್ದು ಯಾವುದು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ಕಿರುಕುಳದ ಆರೋಪ, ಅದರ ಹಿಂದೆ ಬರುವ ಮಾನಹಾನಿಯ ಮಾತು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬರೆದವರ ಹೆಸರು, ಗುರುತು ತೆಗೆದಿದ್ದೇನೆ.

ಪ್ರಶ್ನೆ: ಒಂಬತ್ತು ವರ್ಷದ ಹಿಂದೆ ಡಿಗ್ರಿ ಮುಗಿಸಿ ಕಾಸರಗೋಡು ಪೇಟೆಯ ಒಂದು ಸಣ್ಣ ಆಫೀಸಿಗೆ ಕೆಲಸಕ್ಕೆ ಸೇರಿದ್ದೆ. ಒಟ್ಟು ಆರು ಜನ. ಸಂಜೆ ಎಲ್ಲರೂ ಹೋದ ಮೇಲೆ ಲೆಕ್ಕ ನೋಡಲಿಕ್ಕಿದೆ ಅಂತ ಮಾಲೀಕರು ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಎರಡು ಸಲ ಸೊಂಟಕ್ಕೆ ಕೈ ಹಾಕಿದರು. ಕೆಲಸ ಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ. ಕಳೆದ ತಿಂಗಳು ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ ಫೋಟೋ ನೋಡಿ ತಡೆಯಲಾಗಲಿಲ್ಲ. ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆದೆ. ಈಗ ಹದಿನೈದು ದಿನದಲ್ಲಿ ಕ್ಷಮೆ ಕೇಳಬೇಕು ಅಂತ ವಕೀಲರ ನೋಟಿಸ್ ಬಂದಿದೆ. ಗೆಳತಿಯರು 'ನಿನ್ನ ಸತ್ಯ ನಿನ್ನದು, ಯಾರಿಗೂ ಸಾಬೀತು ಮಾಡಬೇಕಾಗಿಲ್ಲ' ಅನ್ನುತ್ತಾರೆ. ಮಾವ 'ಸಾಕ್ಷಿ ಇಲ್ಲದ್ದು ಸುಳ್ಳೇ' ಅನ್ನುತ್ತಾರೆ. ಯಾರ ಮಾತು ಸರಿ? ಬರೆದದ್ದರ ಪ್ರತಿ ಜೊತೆಗಿಟ್ಟಿದ್ದೇನೆ. (ಬದಿಯಡ್ಕ ಕಡೆಯ ಓದುಗರು)

ಉತ್ತರ: ಇಬ್ಬರ ಮಾತೂ ಸರಿಯಲ್ಲ.

ಮೊದಲು ಮಾವನ ಮಾತು. ಸಾಕ್ಷಿ ಇಲ್ಲ ಅಂದವರು ಯಾರು? ನೀವೇ ಸಾಕ್ಷಿ. ಒಂದು ಸಂಗತಿ ಸಾಬೀತಾಗಲು ಇಷ್ಟೇ ಸಾಕ್ಷಿಗಳು ಬೇಕು ಅನ್ನುವ ಲೆಕ್ಕ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಇಲ್ಲ. ಒಬ್ಬರ ಮಾತು ನಂಬುವಂತಿದ್ದರೆ ಅದು ಸಾಲುತ್ತದೆ. ಎಲ್ಲರೂ ಮನೆಗೆ ಹೋದ ಮೇಲೆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ನೋಡಿದವರನ್ನು ಕರೆದುಕೊಂಡು ಬಾ ಅನ್ನುವುದು ನ್ಯಾಯ ಕೇಳುವ ರೀತಿಯೇ ಅಲ್ಲ.

ಇನ್ನು ಗೆಳತಿಯರ ಮಾತು. ಪ್ರೀತಿಯಿಂದ ಹೇಳಿದ್ದಾರೆ, ಆದರೆ ಅದರಿಂದ ನಿಮಗೆ ಉಪಕಾರ ಇಲ್ಲ. ಸೊಂಟಕ್ಕೆ ಕೈ ಹಾಕಿದ್ದು 'ನಿಮ್ಮ ಸತ್ಯ' ಅಲ್ಲ. ಅದು ನಡೆದದ್ದು. ನಡೆದಿದ್ದರೆ ನಿಮಗೂ ನಡೆದದ್ದೇ, ಅವರಿಗೂ ನಡೆದದ್ದೇ, ಅಲ್ಲಿ ಇಲ್ಲದ ನನಗೂ ನಡೆದದ್ದೇ. ನೀವು 'ಇದು ನನ್ನ ಸತ್ಯ' ಅಂದ ಕೂಡಲೇ ಅವರು 'ನನ್ನ ಸತ್ಯ ಬೇರೆ' ಅನ್ನಬಹುದು. ಅಲ್ಲಿಗೆ ಸಮ ಆಯಿತು, ಊರಿನವರೂ ಆರಾಮ, ಅವರವರ ಭಾವಕ್ಕೆ ಅಂತ ಎದ್ದು ಹೋಗುತ್ತಾರೆ. ನಿಮ್ಮ ಮೈಮೇಲೆ ಬಿದ್ದ ಕೈಯನ್ನು ಯಾಕೆ ಒಂದು ಅಭಿಪ್ರಾಯದ ಮಟ್ಟಕ್ಕೆ ಇಳಿಸುತ್ತೀರಿ?

ತಾಳಮದ್ದಲೆ ಕೇಳಿ ಬೆಳೆದ ಊರು ನಮ್ಮದು. ವಾಲಿ ಮತ್ತು ರಾಮನ ವಾದವನ್ನು ಎಷ್ಟು ಸಲ ಕೇಳಿಲ್ಲ? ಬಾಣ ತಗುಲಿ ಬಿದ್ದವನು ಕೇಳುತ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ದಂಡನೆ ಅಂತ ರಾಮನ ಉತ್ತರ. ಒಳ್ಳೆಯ ಅರ್ಥಧಾರಿಗಳು ಕೂತರೆ ಮುಗಿಯುವುದೇ ಇಲ್ಲ, ಮನೆಗೆ ನಡೆದು ಹೋಗುವಾಗಲೂ ಯಾರು ಗೆದ್ದರು ಅಂತ ನಾವೇ ಜಗಳ ಆಡುತ್ತೇವೆ. ಆದರೆ ಬಾಣ ಮರದ ಮರೆಯಿಂದ ಬಂತು ಅನ್ನುವುದರಲ್ಲಿ ಅವರಿಬ್ಬರಿಗೂ ತಕರಾರಿಲ್ಲ. ಅದು ಕಥೆಯಲ್ಲಿ ನಡೆದದ್ದು. ಸರಿಯೋ ತಪ್ಪೋ ಅನ್ನುವುದು ಅರ್ಥಗಾರಿಕೆ. ಮಾನಹಾನಿಯ ಕೇಸುಗಳಲ್ಲಿ ಗಂಟು ಬೀಳುವುದು ಇಲ್ಲಿಯೇ. ಬಾಣ ಬಂದದ್ದನ್ನೂ ಅರ್ಥಗಾರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ.

ನೀವು ಬರೆದದ್ದನ್ನು ಪೆನ್ಸಿಲ್ ಹಿಡಿದು ಮೂರು ಸಲ ಓದಿದೆ. ಸೊಂಟಕ್ಕೆ ಕೈ ಹಾಕಿದರು: ಇದು ನಡೆದದ್ದು. 'ಆ ಕೋಣೆಗೆ ಹೋಗುವಾಗ ಉಸಿರು ಕಟ್ಟುತ್ತಿತ್ತು': ಇದು ನಿಮ್ಮ ಅನುಭವ, ಇದನ್ನು ಸುಳ್ಳು ಅನ್ನುವ ಹಕ್ಕು ಯಾರಿಗೂ ಇಲ್ಲ. 'ಇದಕ್ಕಾಗಿಯೇ ಅವರು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ': ಇದು ನಿಮ್ಮ ಊಹೆ. ಕೊನೆಯ ಸಾಲು, 'ಅಲ್ಲಿ ಕೆಲಸ ಮಾಡಿದ ಯಾವ ಹುಡುಗಿಯನ್ನೂ ಬಿಟ್ಟಿಲ್ಲ.' ಇದನ್ನು ನೀವು ನೋಡಿಲ್ಲ. ಯಾರೋ ಹೇಳಿದ್ದು ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ. ನೋಟಿಸ್ ತೆಗೆದು ನೋಡಿ, ಅವರ ವಕೀಲರು ಹಿಡಿದದ್ದು ಮೊದಲನೇ ಸಾಲನ್ನಲ್ಲ, ಈ ಕೊನೆಯದನ್ನು. ಒಂದು ಗೊತ್ತಿಲ್ಲದ ಸಾಲು, ಗೊತ್ತಿದ್ದ ಸಾಲನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಕಾನೂನು ಹೇಳುವುದು ಹೀಗೆ. ಮಾನಹಾನಿಗೆ ಹಿಂದೆ ದಂಡಸಂಹಿತೆಯ 499 ಮತ್ತು 500ನೇ ಕಲಂ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಆಗಿದೆ. ಎರಡು ವರ್ಷದವರೆಗೆ ಸಾದಾ ಜೈಲು, ದಂಡ, ಅಥವಾ ಸಮುದಾಯ ಸೇವೆ. ಆದರೆ ಅದರೊಳಗೇ ಹಲವು ವಿನಾಯಿತಿಗಳಿವೆ. ಹೇಳಿದ್ದು ನಿಜವಾಗಿದ್ದು, ಜನರ ಒಳಿತಿಗೆ ಹೇಳಬೇಕಾದದ್ದಾಗಿದ್ದರೆ ಮಾನಹಾನಿ ಅಲ್ಲ. ಕ್ರಿಮಿನಲ್ ಕೇಸಿನಲ್ಲಿ ಬರೀ ನಿಜ ಸಾಲದು, ಈ ಎರಡನೆಯದೂ ಬೇಕು. ಸಿವಿಲ್ ಕೇಸಿನಲ್ಲಾದರೆ ನಿಜ ಒಂದೇ ಸಾಕು. ತನ್ನ ಅಥವಾ ಬೇರೆಯವರ ರಕ್ಷಣೆಗೆ ಸದುದ್ದೇಶದಿಂದ ಹೇಳಿದ್ದಕ್ಕೂ ವಿನಾಯಿತಿ ಇದೆ. ಸದುದ್ದೇಶ ಅಂದರೆ ಕಾನೂನಿಗೆ ಬರೀ ಒಳ್ಳೆಯ ಮನಸ್ಸಲ್ಲ, ತಕ್ಕ ಎಚ್ಚರ ವಹಿಸಿ ಮಾಡಿದ್ದು. ನಿಮ್ಮ ಕೊನೆಯ ಸಾಲಿಗೆ ಆ ಎಚ್ಚರ ಇರಲಿಲ್ಲ, ಅಲ್ವಾ?

ತಡವಾಯಿತು ಅಂತ ಕುಗ್ಗಬೇಡಿ. ಪತ್ರಕರ್ತೆ ಪ್ರಿಯಾ ರಮಣಿ 1993ರ ಒಂದು ಸಂಗತಿಯನ್ನು 2018ರಲ್ಲಿ ಹೆಸರು ಹಾಕಿ ಹೇಳಿದರು. ಆಗ ಕೇಂದ್ರ ಮಂತ್ರಿಯಾಗಿದ್ದ ಎಂ. ಜೆ. ಅಕ್ಬರ್ ಆರೋಪ ನಿರಾಕರಿಸಿ ಕ್ರಿಮಿನಲ್ ಮಾನಹಾನಿ ಕೇಸು ಹಾಕಿದರು. 2021ರ ಫೆಬ್ರವರಿ 17ರಂದು ದೆಹಲಿಯ ಕೋರ್ಟು ರಮಣಿಯವರನ್ನು ಖುಲಾಸೆ ಮಾಡಿತು. ಎಷ್ಟೋ ವರ್ಷ ಕಳೆದ ಮೇಲೂ, ತನಗೆ ಬೇಕಾದ ವೇದಿಕೆಯಲ್ಲಿ ದುಃಖ ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದಿತು. ಮೇಲ್ಮನವಿ ದೆಹಲಿ ಹೈಕೋರ್ಟಿಗೆ ಹೋಗಿದೆ, ಅದು ಬೇರೆ ವಿಷಯ. ನೀವು ಗಮನಿಸಬೇಕಾದದ್ದು ಇನ್ನೊಂದಿದೆ. ರಮಣಿ 'ಇದು ನನ್ನ ಸತ್ಯ' ಅಂತ ಕೈಕಟ್ಟಿ ಕೂರಲಿಲ್ಲ. ನಾನು ಹೇಳಿದ್ದು ನಿಜ ಅಂತ ಕೋರ್ಟಿನಲ್ಲಿ ನಿಂತರು. ಆ ಕಾಲದಲ್ಲೇ ಅವರಿಂದ ವಿಷಯ ಕೇಳಿದ್ದ ಗೆಳತಿಯೊಬ್ಬರು ಬಂದು ಸಾಕ್ಷಿ ಹೇಳಿದರು. ನೀವು ಆಗ ಯಾರಿಗಾದರೂ ಹೇಳಿದ್ದಿರಾ? ಹಾಸ್ಟೆಲ್ ರೂಮಿನವರಿಗೆ, ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದವರಿಗೆ? ಕೆಲಸ ಬಿಟ್ಟ ದಿನದ ಒಂದು ಮೆಸೇಜ್, ಡೈರಿಯ ಒಂದು ಪುಟ? ಹುಡುಕಿ.

ನೋಟಿಸ್ ಅಂದರೆ ಕೋರ್ಟಿನ ಆದೇಶ ಅಲ್ಲ, ಹೆದರಬೇಡಿ. ಆದರೆ ಸುಮ್ನೆ ಬಿಡಲೂಬೇಡಿ. ಪೋಸ್ಟ್ ಅಳಿಸುವ ಅವಸರಕ್ಕೆ ಮೊದಲು ಎಲ್ಲದರ ಪ್ರತಿ ಇಟ್ಟುಕೊಳ್ಳಿ. ವಿದ್ಯಾನಗರದ ಕೋರ್ಟ್ ಆವರಣಕ್ಕೆ ಹೋಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ಸಹಾಯ ಸಿಗುತ್ತದೆ. ಫೋನಿನಲ್ಲಾದರೆ 15100. ಕೊನೆಯ ಸಾಲನ್ನು ಹಿಂದೆಗೆದುಕೊಳ್ಳುವುದೋ, ಹೇಗೆ ಅಂತ ಆ ವಕೀಲರ ಜೊತೆ ಕೂತು ತೀರ್ಮಾನಿಸಿ. ಮೊದಲನೇ ಸಾಲನ್ನು ಮಾತ್ರ, ಅದು ನಡೆದಿದ್ದರೆ, ಯಾರು ಹೆದರಿಸಿದರೂ ಬಿಟ್ಟುಕೊಡಬೇಡಿ.

ಒಂದು ಮಾತು ಹೇಳಲೇಬೇಕು, ಇದನ್ನು ಓದುವ ಬೇರೆ ಹುಡುಗಿಯರಿಗಾಗಿ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಮೂರು ತಿಂಗಳು, ಕಾರಣ ಇದ್ದರೆ ಇನ್ನೂ ಮೂರು. ಬಟ್ಟೆ ಅಂಗಡಿ, ಲ್ಯಾಬು, ಟ್ಯೂಷನ್ ಸೆಂಟರು, ನಮ್ಮ ಹುಡುಗಿಯರು ಜಾಸ್ತಿ ಕೆಲಸ ಮಾಡುವುದು ಇಂಥ ಕಡೆಗಳಲ್ಲೇ. ಆ ಆರು ತಿಂಗಳ ಒಳಗೆ ಈ ಮಾತನ್ನು ನಿಮಗೆ ಹೇಳುವವರು ಒಬ್ಬರೂ ಇರಲಿಲ್ಲ. ಅದು ನನಗೆ ತುಂಬಾ ಬೇಸರದ ವಿಷಯ.

ಪ್ರಶ್ನೆ: ನನ್ನ ತಮ್ಮನ ಮೇಲೆ ಒಬ್ಬ ಹುಡುಗಿ ವಾಟ್ಸ್ಯಾಪ್‌ನಲ್ಲಿ ಆರೋಪ ಮಾಡಿದಳು. ಕೇಸು ಕೊಟ್ಟಿಲ್ಲ. ಆದರೂ ಅವನನ್ನು ಸಮಿತಿಯಿಂದ ತೆಗೆದರು, ಮದುವೆ ಮಾತುಕತೆ ನಿಂತಿತು. ಕೇಸು ಕೊಡದಿರುವುದೇ ಸುಳ್ಳಿಗೆ ಸಾಕ್ಷಿ ಅಲ್ವಾ? ನಾವು ಮಾನಹಾನಿ ಹಾಕಬಹುದಾ? (ಕುಂಬಳೆಯಿಂದ)

ಉತ್ತರ: ಹಾಕಬಹುದು. ಪೊಲೀಸರು ನೇರ ಎಫ್‌ಐಆರ್ ಮಾಡುವ ಕೇಸಲ್ಲ ಇದು, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಅವಧಿ ಮೂರು ವರ್ಷ. ಪರಿಹಾರ ಕೇಳುವ ಸಿವಿಲ್ ದಾವೆಗೆ ಒಂದೇ ವರ್ಷ. ಹೆಸರು ಬರೆಯದೆ ಸುಳಿವು ಕೊಟ್ಟು ಬರೆದಿದ್ದರೂ, ಓದಿದವರಿಗೆ ಇವನೇ ಅಂತ ಗೊತ್ತಾಗುವಂತಿದ್ದರೆ ಸಾಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಅವರು ತಪ್ಪಿಸಿಕೊಳ್ಳಲಾಗದು.

ಆದರೆ ಕೇಸು ಕೊಡದಿರುವುದು ಸುಳ್ಳಿಗೆ ಸಾಕ್ಷಿ ಅಲ್ಲ. ಮಲಯಾಳ ಚಿತ್ರರಂಗದ ಹೆಂಗಸರ ಕಷ್ಟ ವಿಚಾರಿಸಿದ ಹೇಮಾ ಸಮಿತಿಯ ವರದಿ ನೆನಪಿದೆಯಲ್ಲ. 2019ರ ಕೊನೆಗೆ ಸರ್ಕಾರದ ಕೈ ಸೇರಿದ್ದು, 2024ರ ಆಗಸ್ಟ್‌ನಲ್ಲಿ ಹೊರಬಂತು. ಸಮಿತಿಯ ಮುಂದೆ ಮನಬಿಚ್ಚಿ ಮಾತಾಡಿದ ಹಲವರು ಪೊಲೀಸ್ ಕೇಸಿಗೆ ಮುಂದೆ ಬರಲಿಲ್ಲ. ಅವರೆಲ್ಲ ಸುಳ್ಳು ಹೇಳಿದರು ಅನ್ನುತ್ತೀರಾ? ಕೇಸಿನ ದಾರಿ ಎಷ್ಟು ಉದ್ದ ಅಂತ ಅವರಿಗೆ ಗೊತ್ತಿತ್ತು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ದೂರು ಸಮಿತಿಯಲ್ಲಿದ್ದೆ. ಒಂದು ದೂರು ಸಾಬೀತಾಗಲಿಲ್ಲ, ಹಾಗೇ ಬರೆದು ಸಹಿ ಹಾಕಿದೆವು. ಮರುದಿನ ಕ್ಯಾಂಟೀನಿನಲ್ಲಿ 'ಸುಳ್ಳು ದೂರಂತೆ' ಅಂತ ಮಾತು. ನಾವು ಹಾಗೆ ಬರೆದಿರಲೇ ಇಲ್ಲ. ಸಾಬೀತು ಮಾಡಲಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಇಲ್ಲ ಅಂತ 2013ರ ಕಾನೂನಿನಲ್ಲೇ ಇದೆ. ಆದರೂ ಗುಟ್ಟು ಕಾಯಬೇಕು ಅನ್ನುವ ನಿಯಮ ನೆನೆದು ನಾನು ಬಾಯಿ ತೆರೆಯಲಿಲ್ಲ. 'ಸಾಬೀತಾಗಿಲ್ಲ' ಬೇರೆ, 'ಸುಳ್ಳು' ಬೇರೆ ಅಂತ ಅಷ್ಟಾದರೂ ಹೇಳಬಹುದಿತ್ತು. ಆ ಹುಡುಗಿ ತಲೆ ತಗ್ಗಿಸಿಕೊಂಡು ಊಟದ ಡಬ್ಬಿ ತೊಳೆಯುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ಇದೇ ಮಾತು ನಿಮ್ಮ ತಮ್ಮನಿಗೂ ಸಲ್ಲುತ್ತದೆ. ಅವನ ಮೇಲೆ ಏನೂ ಸಾಬೀತಾಗಿಲ್ಲ. ಒಂದು ಮಾತೂ ಕೇಳದೆ ಸಮಿತಿಯಿಂದ ತೆಗೆದದ್ದು ಅನ್ಯಾಯ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಹೇಳುತ್ತಿದ್ದರು, ಇಲ್ಲಿ ಕಂಡವರೂ ಇಲ್ಲ, ಪರಾಂಬರಿಸಿದವರೂ ಇಲ್ಲ.

ವಕೀಲರ ಹತ್ತಿರ ಹೋಗುವ ಮೊದಲು ತಮ್ಮನನ್ನು ಒಬ್ಬನೇ ಕೂರಿಸಿ ಒಂದು ಪ್ರಶ್ನೆ ಕೇಳಿ. 'ನಡೆಯಲೇ ಇಲ್ಲ' ಅನ್ನುತ್ತಾನೋ, 'ನಡೆಯಿತು, ಆದರೆ ನಾನು ಹಾಗೆ ಅಂದುಕೊಂಡು ಮಾಡಲಿಲ್ಲ' ಅನ್ನುತ್ತಾನೋ? ಎರಡಕ್ಕೂ ಅಜಗಜಾಂತರ. ಮೊದಲನೆಯದಾದರೆ ಕೋರ್ಟಿಗೆ ಹೋಗಿ, ಧೈರ್ಯವಾಗಿ ಹೋಗಿ. ಎರಡನೆಯದಾದರೆ ಅವಳು ಹೇಳಿದ್ದು ಸುಳ್ಳಲ್ಲ. ತಮಾಷೆಗೆ ಮಾಡಿದೆ ಅನ್ನುವುದು ಅವನಿಗೆ ಅನಿಸಿದ್ದು, ಅಷ್ಟೇ. ಅಂಥ ಕಡೆ ಮಾನಹಾನಿ ಹಾಕಿದರೆ ಆ ಸಂಗತಿ ಕೋರ್ಟಿನಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಹುಡುಗಿ ನಡತೆಗೆಟ್ಟವಳು, ದುಡ್ಡಿಗಾಗಿ ಮಾಡಿದಳು ಅಂತೆಲ್ಲ ನಿಮ್ಮ ಕಡೆಯವರು ಹೇಳುತ್ತಾ ತಿರುಗುತ್ತಿದ್ದರೆ ಇವತ್ತೇ ನಿಲ್ಲಿಸಿ, ಅದೂ ಮಾನಹಾನಿಯೇ.

ಪ್ರಶ್ನೆ: ಠಾಣೆಯಲ್ಲಿ ನಾನು ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಬರೆದುಕೊಂಡರು. ಸಹಿ ಹಾಕಿ ಬಂದೆ. ಏನಾದರೂ ತೊಂದರೆಯಾ? (ಪೆರ್ಲ ಸಮೀಪದಿಂದ)

ಉತ್ತರ: ಆಗಬಹುದು, ಅದಕ್ಕೇ ಕೂಡಲೇ ಒಂದು ಪ್ರತಿ ತೆಗೆದುಕೊಳ್ಳಿ. ಎಫ್‌ಐಆರ್ ಆಗಿದ್ದರೆ ದೂರು ಕೊಟ್ಟವರಿಗೆ ಅದರ ಪ್ರತಿ ಉಚಿತ. ಎರಡೂ ಭಾಷೆ ಚೆನ್ನಾಗಿ ಬಲ್ಲವರಿಂದ ಓದಿಸಿ.

ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ 'ಪೀಡಿಸುತ್ತಿದ್ದ' ಅಂದರೆ ಕಾಟ ಕೊಡುತ್ತಿದ್ದ ಅಂತ. ಹಿಂದೆ ಬರುತ್ತಿದ್ದ, ಫೋನ್ ಮಾಡುತ್ತಿದ್ದ, ಇಷ್ಟೂ ಆಗಬಹುದು. ಮಲಯಾಳದ ಪೇಪರ್ ತೆರೆದು ನೋಡಿ, 'ಪೀಡನಂ' ಅಂತ ಬರೆಯುವುದು ಹೆಚ್ಚಾಗಿ ಅತ್ಯಾಚಾರಕ್ಕೆ, ಲೈಂಗಿಕ ದೌರ್ಜನ್ಯಕ್ಕೆ. ನೀವು ಕಾಟ ಅಂದದ್ದು ಕಾಗದದ ಮೇಲೆ ಅತ್ಯಾಚಾರ ಆಗಿ, ಆಮೇಲೆ ಕೋರ್ಟಿನಲ್ಲಿ 'ನಾನು ಹಾಗೆ ಹೇಳಿಲ್ಲ' ಅಂದರೆ ಮಾತು ಬದಲಿಸಿದಳು ಅಂತ ಬರುತ್ತದೆ. ಯಾರೂ ಸುಳ್ಳು ಹೇಳದೆಯೇ ಒಂದು ಸುಳ್ಳು ಹುಟ್ಟಿಕೊಂಡಂತಾಯಿತು. ಗಡಿನಾಡಿನಲ್ಲಿ ಇದ್ದು ಈ ವಿಷಯದಲ್ಲಿ ನಾವು ಉದಾಸೀನ ಮಾಡಬಾರದು.

ಇನ್ನು ಮುಂದೆ ದೂರನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದು ತೆಗೆದುಕೊಂಡು ಹೋಗಿ, ಸಹಿ ಹಾಕಿ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. 'ಅಸಭ್ಯವಾಗಿ ನಡೆದುಕೊಂಡ', 'ಪೀಡಿಸಿದ' ಅನ್ನುವಂಥ ದೊಡ್ಡ ಪದಗಳನ್ನು ಬಿಟ್ಟುಬಿಡಿ. ಏನು ಮಾಡಿದ, ಎಲ್ಲಿ, ಯಾವಾಗ, ಅಷ್ಟು ಬರೆಯಿರಿ. ಕೈ ಹಿಡಿದು ಎಳೆದ ಅನ್ನುವುದು ಯಾವ ಭಾಷೆಗೆ ಹೋದರೂ ಕೈ ಹಿಡಿದು ಎಳೆದದ್ದೇ. ಬರೆದುಕೊಂಡದ್ದನ್ನು ಓದಿ ಹೇಳುವುದು ಅವರ ಕರ್ತವ್ಯ. ಅರ್ಥ ಆಗುವವರೆಗೆ ಸಹಿ ಹಾಕಬೇಡಿ.

ಪ್ರಶ್ನೆ: ನಮ್ಮ ಊರಿನ ಗ್ರೂಪಿಗೆ ನಾನು ಅಡ್ಮಿನ್. ಯಾರೋ ಒಬ್ಬರು ಇಂಥದ್ದೊಂದು ಆರೋಪವನ್ನು ಫಾರ್ವರ್ಡ್ ಮಾಡಿದರೆ ನಾನು ಜೈಲಿಗೆ ಹೋಗಬೇಕಾ? (ಮಂಜೇಶ್ವರದಿಂದ)

ಉತ್ತರ: ಇಲ್ಲ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಅಂತ ಕೇರಳ ಹೈಕೋರ್ಟು 2022ರಲ್ಲಿ ಹೇಳಿದೆ. ಫಾರ್ವರ್ಡ್ ಮಾಡಿದವರಿಗೆ ಮಾತ್ರ ಆ ರಕ್ಷಣೆ ಇಲ್ಲ. 'ಬಂದದ್ದನ್ನು ಕಳಿಸಿದೆ' ಅಂದರೆ ಕೋರ್ಟು ಒಪ್ಪಬೇಕಾಗಿಲ್ಲ, ಹೊಸಬರಿಗೆ ತಲುಪಿಸಿದ್ದೂ ಪ್ರಕಟಿಸಿದ ಹಾಗೆಯೇ. ನಿಮ್ಮ ಗ್ರೂಪಿನಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸಿನ ಹೆಸರು, ಫೋಟೋ, ಮನೆಯ ಗುರುತು ಬಂದಿದ್ದರೆ ಒಂದು ನಿಮಿಷವೂ ಇಡಬೇಡಿ. ಅದನ್ನು ಬಹಿರಂಗ ಮಾಡುವುದೇ ಅಪರಾಧ, ಎರಡು ವರ್ಷದವರೆಗೆ ಜೈಲಿದೆ. ಅಳಿಸಿದ ಮೇಲೆ ಹಾಕಿದವರಿಗೆ ಫೋನ್ ಮಾಡಿ, ಮೆಸೇಜ್ ಬೇಡ, 'ನೀನು ಇದನ್ನು ನೋಡಿದ್ದೆಯಾ, ಕೇಳಿದ್ದಾ?' ಅಂತ ಕೇಳಿ.