ಬಾವಿಗೆ ಬೀಳ್ತೀನಿ ಅಂದದ್ದಕ್ಕೆ ಹಾಕಿದ ಸಹಿ

ಪ್ರಶ್ನೆ: ವಕೀಲ ಸಾಹೇಬ್ರೇ, ಶರಣು. ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲೂಕು. ಅಪ್ಪ ತೀರಿಕೊಂಡ ಮೇಲೆ 6 ಎಕರೆ ಎರಿ ಹೊಲ ಉಳಿಯಿತು. ಪಾಲು ಬಿಟ್ಟುಕೊಡು ಅಂತ ಅಣ್ಣ ಹಟ ಹಿಡಿದ, ನಾನು ಒಪ್ಪಲಿಲ್ಲ. ಒಂದು ರಾತ್ರಿ ಬಾವಿ ಕಟ್ಟೆ ಮೇಲೆ ನಿಂತು "ಸಹಿ ಮಾಡ್ಲಿಲ್ಲಂದ್ರ ಇಲ್ಲೇ ಬಿದ್ದು ಸಾಯ್ತೀನಿ" ಅಂದ. ಅವ್ವ ನನ್ನ ಕೈ ಹಿಡಿದು ಅತ್ತಳು. ಮರುದಿನವೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. "ಖುಷಿಯಿಂದ ಬರೆದುಕೊಡ್ತಿದ್ದೀರಾ?" ಅಂತ ನೋಂದಣಿ ಕಚೇರಿಯಲ್ಲಿ ಕೇಳಿದಾಗ ತಲೆಯಾಡಿಸಿದೆ. ಎರಡು ವರ್ಷ ನಾಲ್ಕು ತಿಂಗಳಾಯಿತು. ನೀನೇ ಕೊಟ್ಟೆಯಲ್ಲ ಅನ್ನುತ್ತಾರೆ ಎಲ್ಲರೂ. ಹೌದಾ?

ಉತ್ತರ: ಕೊಟ್ಟಿದ್ದು ನೀವೇ ತಂಗಿ, ಆದರೆ ಖುಷಿಯಿಂದ ಕೊಟ್ಟಿಲ್ಲ. ಇವೆರಡು ಬೇರೆ ಬೇರೆ ಅಂತ ಕಾನೂನಿಗೂ ಗೊತ್ತು. 1872ರ ಕರಾರು ಕಾಯ್ದೆಯ 14ನೇ ಕಲಂ ಪ್ರಕಾರ ಬಲವಂತ, ಅನುಚಿತ ಪ್ರಭಾವ (ತನ್ನ ಹಿಡಿತದಲ್ಲಿರುವವರ ಮೇಲೆ ಮೇಲುಗೈ ಬಳಸಿ ಒಪ್ಪಿಸುವುದು), ಮೋಸ, ತಪ್ಪು ಮಾಹಿತಿ, ತಪ್ಪು ತಿಳಿವಳಿಕೆ ಇವುಗಳಿಂದ ಬಂದ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲ.

ನಿಮ್ಮ ಪತ್ರದಲ್ಲೂ "ಯಾರ ಒತ್ತಾಯವಿಲ್ಲದೆ ಸ್ವಸಂತೋಷದಿಂದ" ಅಂತ ಇರಲೇಬೇಕು. ಆ ಸಾಲು ಯಾವ ಪತ್ರದಲ್ಲಿಲ್ಲ ಹೇಳಿ, ಟೈಪ್ ಮಾಡುವವರು ನಿಮ್ಮ ಮುಖ ನೋಡುವ ಮೊದಲೇ ಅದನ್ನು ಹೊಡೆದಿರುತ್ತಾರೆ. ಆ ಸಾಲಿಗೆ, ನೀವು ತಲೆಯಾಡಿಸಿದ್ದಕ್ಕೆ ಬೆಲೆ ಇಲ್ಲವೆಂದಲ್ಲ. ಆದರೆ ಅಷ್ಟರಿಂದಲೇ ಬಾಗಿಲು ಮುಚ್ಚಿಹೋಗುವುದಿಲ್ಲ.

ಸಾಯುತ್ತೇನೆ ಅನ್ನುವುದು ಬಲವಂತವಾ? 1917ರಲ್ಲಿ ಮದ್ರಾಸ್ ಹೈಕೋರ್ಟಿಗೆ ಇಂಥದ್ದೇ ಕೇಸು ಬಂದಿತ್ತು, ಅಲ್ಲೂ ಹಕ್ಕು ಬಿಡುಗಡೆ ಪತ್ರವೇ. ಗಂಡ ಸಾಯುತ್ತೇನೆಂದು ಹೆದರಿಸಿ ಹೆಂಡತಿ, ಮಗನಿಂದ ತನ್ನ ಸಹೋದರನ ಹೆಸರಿಗೆ ಬರೆಸಿದ್ದ. ಇದು ಬಲವಂತವೇ ಅಂತ ಇಬ್ಬರು ನ್ಯಾಯಮೂರ್ತಿಗಳು ಹೇಳಿದರು, ಒಬ್ಬರು ಒಪ್ಪಲಿಲ್ಲ. ದಂಡಸಂಹಿತೆ ನಿಷೇಧಿಸಿದ ಕೆಲಸ ಮಾಡುತ್ತೇನೆ ಅಂತ ಹೆದರಿಸುವುದೇ ಕರಾರು ಕಾಯ್ದೆಯ 15ನೇ ಕಲಮಿನ ಬಲವಂತ, ಅಲ್ವಾ? ಎದುರಿನ ವಕೀಲರು ಇಲ್ಲೇ ತಕರಾರು ತೆಗೆಯಬಹುದು, ಯಾಕೆಂದರೆ ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಹಾಗಾಗಿ ಬಲವಂತದ ಜೊತೆಗೆ 16ನೇ ಕಲಮಿನ ಅನುಚಿತ ಪ್ರಭಾವವನ್ನೂ ಹಾಕಿಸಿ, ಒಂದನ್ನೇ ನೆಚ್ಚಿ ಕೂರಬೇಡಿ.

ಅವ್ವನ ಕಣ್ಣೀರು ಮಾತ್ರ ಬಲವಂತವಲ್ಲ. "ಪಂಚಮಿಗೆ ಕರಿಯಂಗಿಲ್ಲ" ಅಂತ ಯಾರಾದರೂ ಅಂದಿದ್ದರೆ ಅದೂ ಅಲ್ಲ. ತವರು ತಪ್ಪೀತು ಅನ್ನುವ ಭಯಕ್ಕೇ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಸುಮ್ನೆ ಸಹಿ ಹಾಕುತ್ತಾರೆ, ನನ್ನ ಪ್ರಕಾರ ಬಾವಿಗಿಂತ ಅದೇ ಜಾಸ್ತಿ ಹೆದರಿಸುತ್ತದೆ, ಆದರೆ ಕೋರ್ಟಿನಲ್ಲಿ ಅದೊಂದನ್ನೇ ಹೇಳಿದರೆ ನಿಲ್ಲುವುದಿಲ್ಲ.

ಇನ್ನು ಗಡುವು. ಇಂಥ ಪತ್ರ ತಾನಾಗಿ ರದ್ದಾಗುವುದಿಲ್ಲ, ನೀವೇ ದಾವೆ ಹಾಕಿ ರದ್ದು ಮಾಡಿಸಬೇಕು. ಅದಕ್ಕೆ 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ ಇದೆ. ಅಣ್ಣನ ಹಿಡಿತದಿಂದ ಈಗಷ್ಟೇ ಹೊರಬಂದೆ ಅಂದರೆ ಕೇಳುವುದಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನಿಂಗವ್ವನ ಕೇಸು ನಮ್ಮ ಕಡೆಯದೇ. ಗಂಡ ಅವಳಿಂದ ಸಹಿ ಹಾಕಿಸಿದ ದಾನಪತ್ರದಲ್ಲಿ ಅವಳಿಗೆ ಹೇಳದ ಹೊಲಗಳನ್ನೂ ಸೇರಿಸಿಬಿಟ್ಟಿದ್ದ. ಅವನ ಹಿಡಿತ ಯಾವಾಗ ತಪ್ಪಿತು ಅನ್ನುವುದಲ್ಲ, ವಿಷಯ ಯಾವಾಗ ತಿಳಿಯಿತೋ ಆಗಿನಿಂದಲೇ ಲೆಕ್ಕ ಎಂದಿತು ಕೋರ್ಟ್. ನಿಮಗೆ ಸಹಿ ಹಾಕಿದ ದಿನವೇ ಎಲ್ಲ ಗೊತ್ತಿತ್ತು. ಅಂದರೆ ಉಳಿದಿರುವುದು ಎಂಟು ತಿಂಗಳು.

ವಕೀಲರ ಫೀಸಿಗೆ ಹೆದರಬೇಡಿ. ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಪತ್ರದ ನಕಲು, ಪಹಣಿ ಜೊತೆಗಿರಲಿ. ಆ ರಾತ್ರಿ ಬಾವಿ ಹತ್ತಿರ ಮತ್ತ್ಯಾರು ಇದ್ದರು ಅನ್ನುವುದನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಅವ್ವ ನಿಮ್ಮ ಪರ ಸಾಕ್ಷಿ ಹೇಳುತ್ತಾಳೆ ಅಂತ ಮಾತ್ರ ನಂಬಿಕೊಂಡಿರಬೇಡಿ.