ಹತ್ತಿಯ ತೇವ, ಆಧಾರ್‌ನ ಖಾತೆ

ಪ್ರಶ್ನೆ: ಬೆಂಬಲ ಬೆಲೆಗೆ ಹತ್ತಿ ಮಾರಿದೆ. ತೇವಾಂಶ 11 ಎಂದು ದರ ಇಳಿಸಿದರು. ಪಾಸ್‌ಬುಕ್ ಕೊಟ್ಟ ಖಾತೆಗೆ ಹಣವೂ ಬಂದಿಲ್ಲ. ಏಕೆ?
– ಓದುಗರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ದರ ಇಳಿಸಿದ್ದು ನಿಯಮದಂತೆಯೇ. ಪೂರ್ತಿ ಬೆಲೆ ಸಿಗುವುದು ಶೇ 8ರ ತೇವಾಂಶದವರೆಗೆ. ಅದಕ್ಕಿಂತ ಹೆಚ್ಚಿನ ಪ್ರತಿ ಶೇ 1 ತೇವಕ್ಕೆ ಬೆಲೆಯಲ್ಲಿ ಶೇ 1 ಕಡಿತ. 12 ದಾಟಿದರೆ ಖರೀದಿಯೇ ಇಲ್ಲ. 2025–26ರಲ್ಲಿ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ ₹8,110. ತೇವ 11 ಇದ್ದರೆ ಸುಮಾರು ₹243 ಖೋತಾ. ಇಬ್ಬನಿ ಆರುವ ಮುನ್ನ ಬಿಡಿಸಿ ಅಂದೇ ಚೀಲಕ್ಕೆ ತುಂಬಿದರೆ ಹೀಗಾಗುತ್ತದೆ. ತಾಡಪಾಲಿನ ಮೇಲೆ ತೆಳ್ಳಗೆ ಹರವಿ ಒಣಗಿಸಿ.

ಹಣ ಬಹುಶಃ ನಿಮ್ಮದೇ ಹಳೆಯ ಖಾತೆಯಲ್ಲಿದೆ. ಆಧಾರ್ ಆಧಾರಿತ ಪಾವತಿ ಪಾಸ್‌ಬುಕ್ ನೋಡುವುದಿಲ್ಲ. ಕೊನೆಯದಾಗಿ ಸೀಡಿಂಗ್ (ಹಣ ಪಡೆಯಲು ಆಧಾರ್ ಸಂಖ್ಯೆಯನ್ನು ಖಾತೆಗೆ ಜೋಡಿಸುವುದು) ಆದ ಬ್ಯಾಂಕಿಗೆ ಹೋಗುತ್ತದೆ. ಮೈಆಧಾರ್ ಜಾಲತಾಣದಲ್ಲಿ ಆ ಬ್ಯಾಂಕಿನ ಹೆಸರು ಕಾಣುತ್ತದೆ. ಬದಲಿಸಲು ಬೇಕಾದ ಶಾಖೆಯಲ್ಲಿ ಸೀಡಿಂಗ್ ಅರ್ಜಿಯನ್ನೇ ಕೊಡಿ, ಕೆವೈಸಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು.